ಬಣ್ಣವಿಲ್ಲದ ಅಲ್ಯುಮಿನಿಯಂ ಗಾಡಿಯ ತೂತು ಮುಚ್ಚುವ ಬಗೆ

ತೋಟದ ಹಳೆಯ ಲ್ಯಾಂಡ್ ರೋವರ್‌ನ ಬಣ್ಣವನ್ನೆಲ್ಲ ಕಿತ್ತು ತೆಗೆದ ಸಂಜೆ, ಅದರ ಸುತ್ತ ಒಂದು ಸುತ್ತು ಬಂದು ತೂತುಗಳನ್ನು ಎಣಿಸಿದೆ. 23 ಇದ್ದವು. ಒಬ್ಬರು ಕನ್ನಡಿ ಕೂರಿಸಿದ್ದರು, ಇನ್ನೊಬ್ಬರು ಅದನ್ನು ನಾಲ್ಕು ಬೆರಳು ಆಚೆ ಸರಿಸಿದ್ದರು. ಹಾರ್ನ್, ಆಂಟೆನಾ, ತೋಟದ ಹೆಸರಿನ ಫಲಕ, ಟಾರ್ಪಾಲಿನ ಕೊಕ್ಕೆ ಎಂದು ಕಂಡಕಂಡಲ್ಲಿ ಡ್ರಿಲ್ ಆಡಿತ್ತು. ಬಣ್ಣ ಬಳಿಯುವ ಗಾಡಿಯಾಗಿದ್ದರೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಬಣ್ಣ ಹೊಡೆದು ಮರೆತುಬಿಡಬಹುದಿತ್ತು. ನನಗೆ ಬೇಕಿದ್ದದ್ದು ಬರಿಯ ಲೋಹ ಹೊಳೆಯುವ ಗಾಡಿ. ಅದರ ಮೇಲೆ ಪುಟ್ಟಿ ಹಚ್ಚಿದರೆ ಬಿಳಿ ಪಂಚೆಗೆ ಬಣ್ಣದ ತೇಪೆ ಹಾಕಿದಂತೆ ದೂರದಿಂದಲೇ ಕಾಣುತ್ತದೆ.

ಎರಡು ಬೇಸಿಗೆ ಈ ತೂತುಗಳ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಪಟ್ಟು ಇಷ್ಟೇ: ಅಲ್ಯುಮಿನಿಯಂ ತೂತಿಗೆ ಅಲ್ಯುಮಿನಿಯಂ ಅನ್ನೇ ತುಂಬಬೇಕು, ಆದಷ್ಟೂ ಬೆಂಕಿ ಇಲ್ಲದೆ ತುಂಬಬೇಕು, ನಾಳೆ ತಪ್ಪೆನಿಸಿದರೆ ಬಿಚ್ಚಿ ಮತ್ತೆ ಮಾಡುವಂತಿರಬೇಕು. ಬೆಂಕಿ ಮುಟ್ಟಿದ್ದನ್ನು ಬಿಚ್ಚಲಾಗದು.

ಆಯಸ್ಕಾಂತ ಹಿಡಿದು ಒಂದು ಸುತ್ತು

ಫ್ರಿಜ್ಜಿನ ಬಾಗಿಲಿನಿಂದ ಒಂದು ಆಯಸ್ಕಾಂತ ಕಿತ್ತು ತಂದು ಗಾಡಿಯ ಮೈಮೇಲೆಲ್ಲ ಇಟ್ಟು ನೋಡಿ. ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳಿಗೆ ಅದು ಟಕ್ಕನೆ ಅಂಟಿಕೊಳ್ಳುತ್ತದೆ. ಅವುಗಳ ಮೈ ಉಕ್ಕಿನದು, ಈ ಬರಹ ಅವಕ್ಕಲ್ಲ. ಹಳೆಯ ಲ್ಯಾಂಡ್ ರೋವರ್‌ನ ಬಾನೆಟ್, ಮಡ್‌ಗಾರ್ಡ್, ಹಿಂದಿನ ತೊಟ್ಟಿಯ ಮೇಲೆ ಆಯಸ್ಕಾಂತ ಜಾರಿ ಬೀಳುತ್ತದೆ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೋಟಾರು ಪ್ರದರ್ಶನದಲ್ಲಿ ಈ ಗಾಡಿ ಮೊದಲು ಕಾಣಿಸಿಕೊಂಡಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ಬರಗಾಲ. ಅದಕ್ಕೇ ಮೈಗೆ ಬರ್ಮಾಬ್ರೈಟ್ ಎಂಬ ಮಿಶ್ರಲೋಹ ಬಳಸಿದರು. ಅಲ್ಯುಮಿನಿಯಂಗೆ ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ತಗಡು ಅದು. ಚಾಸಿ, ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ, ಬಾಗಿಲಿನ ಒಳಚೌಕಟ್ಟು ಮಾತ್ರ ಉಕ್ಕಿನವೇ.

ಆಯಸ್ಕಾಂತ ಎಲ್ಲಿ ಅಂಟಿತು, ಎಲ್ಲಿ ಬಿತ್ತು ಎಂಬುದನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಳ್ಳಿ. ಎರಡು ಲೋಹ ಕೂಡುವ ಗೆರೆಯೇ ರೋಗದ ಗೆರೆ. ಉಕ್ಕು, ಅಲ್ಯುಮಿನಿಯಂ, ನಡುವೆ ಒಂದಿಷ್ಟು ನೀರು ಸೇರಿದರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟಿಕೊಳ್ಳುತ್ತದೆ, ಅದರಲ್ಲಿ ಸವೆಯುವುದು ಯಾವಾಗಲೂ ಅಲ್ಯುಮಿನಿಯಂ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಬಟ್ಟೆಯೂ ಒಣಗದ ಕೊಡಗಿನಲ್ಲಿ ಆ ಬ್ಯಾಟರಿಗೆ ರಜೆಯೇ ಇಲ್ಲ. ಬಾಗಿಲಿನ ತಳದಲ್ಲಿ ಬಿಳಿ ಹಿಟ್ಟು ಉದುರುವುದು ಇದೇ ಕಾರಣಕ್ಕೆ. ಉಕ್ಕಿನದು ಕೆಂಪು ತುಕ್ಕು, ಅಲ್ಯುಮಿನಿಯಂನದು ಬಿಳಿ ಕಿಲುಬು.

ತಗಡಿನ ದಪ್ಪವನ್ನೂ ವರ್ನಿಯರ್‌ನಲ್ಲಿ ಅಳೆದಿಡಿ. ನನ್ನ ಗಾಡಿಯ ತಗಡು 1.2 ಮಿ.ಮೀ. ಇತ್ತು, ಮುಂದಿನ ಲೆಕ್ಕಗಳೆಲ್ಲ ಅದನ್ನು ಹಿಡಿದೇ ಇವೆ.

ತೂತಿನ ಜಾತಕ

ಡ್ರಿಲ್ ಕೊರೆದ ತೂತೂ ಕಿಲುಬು ತಿಂದ ತೂತೂ ಒಂದೇ ಅಲ್ಲ. ಮೊದಲನೆಯದರ ಸುತ್ತ ಲೋಹ ಗಟ್ಟಿಯಾಗಿರುತ್ತದೆ, ಮುಚ್ಚಿದರೆ ಮುಗಿಯಿತು. ಎರಡನೆಯದರಲ್ಲಿ ಕಣ್ಣಿಗೆ ಕಾಣುವುದು ಸಾಸಿವೆಯಷ್ಟು. ಒಳಗೆ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ತೂತಿನ ಸುತ್ತ ಒಂದು ದಪ್ಪ ಮೊಳೆಯ ತುದಿಯಿಂದ ಒತ್ತಿ ನೋಡಿ. ತಗ್ಗು ಬಿದ್ದರೆ ಆ ಜಾಗದಲ್ಲಿ ಬಿರಡೆ, ಅಂದರೆ ತೂತಿಗೆ ತೂರಿಸಿ ಬಡಿಯುವ ಅಲ್ಯುಮಿನಿಯಂ ತುಂಡು, ನಿಲ್ಲುವುದಿಲ್ಲ, ಕತ್ತರಿಸಿ ತೇಪೆಯನ್ನೇ ಹಾಕಬೇಕು.

ನನ್ನ ಗಾಡಿಯ ಹಿಂದಿನ ತೊಟ್ಟಿಯ ತಳದಲ್ಲಿ, ಒಂದು ಅಂಗೈ ಅಗಲದಲ್ಲಿ, ಸೂಜಿ ಚುಚ್ಚಿದಂಥ ಒಂಬತ್ತು ತೂತುಗಳು ಗುಂಪಾಗಿದ್ದವು. ಆ ಒಂಬತ್ತನ್ನೂ ಒಂದೆಂದೇ ಲೆಕ್ಕ ಹಿಡಿದೆ. ಅಲ್ಲೇ ಏಕೆ ಎಂದು ತಲೆ ಕೆರೆದುಕೊಂಡಾಗ ನೆನಪಾಯಿತು: ಮಳೆಗಾಲದ ಮುಂಚಿನ ಸಿಂಪಡಣೆಗೆ ಬೋರ್ಡೋ ದ್ರಾವಣದ ಡ್ರಮ್ ಇಡುತ್ತಿದ್ದ ಜಾಗ ಅದು. ಕಾಫಿ, ಮೆಣಸು ಇರುವವರಿಗೆ ಈ ದ್ರಾವಣವನ್ನು ಪರಿಚಯಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ ಅದು ಮೈಲುತುತ್ತ, ಸುಣ್ಣ ಕಲಸಿದ ರೋಗನಾಶಕ. ಮೈಲುತುತ್ತ ಎಂದರೆ ತಾಮ್ರದ ಉಪ್ಪು. ಅದು ತುಳುಕಿ ಅಲ್ಯುಮಿನಿಯಂ ಮೇಲೆ ಕೂತರೆ ತಾಮ್ರ ಕಣಕಣವಾಗಿ ಅಂಟಿಕೊಂಡು ಅದರ ಸುತ್ತ ತಗಡನ್ನು ಕೊರೆಯುತ್ತದೆ. ಜೊತೆಯ ಸುಣ್ಣ ಕ್ಷಾರ, ಅದು ಅಲ್ಯುಮಿನಿಯಂನ ಮೈಗಾವಲಾದ ಆಕ್ಸೈಡ್ ಪೊರೆಯನ್ನೇ ಕರಗಿಸುತ್ತದೆ. ಕಳ್ಳನಿಗೆ ಬಾಗಿಲು ತೆಗೆದುಕೊಡುವ ಕೆಲಸ ಸುಣ್ಣದ್ದು. ಪೊಟ್ಯಾಷ್ ಗೊಬ್ಬರದ ಹರಿದ ಚೀಲವೂ ಕಡಿಮೆಯದಲ್ಲ; ಅದರಲ್ಲಿರುವ ಕ್ಲೋರೈಡ್ ಸಮುದ್ರದ ಉಪ್ಪಿನ ಹಾಗೆಯೇ ಕೊರೆಯುತ್ತದೆ. ಇಂಥ ಜಾಗವನ್ನು ಮುಟ್ಟುವ ಮೊದಲು ಧಾರಾಳ ನೀರಿನಲ್ಲಿ ತೊಳೆಯಿರಿ, ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ, ಮತ್ತೆ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ.

ತೊಳೆಯುವಾಗ ಕಾಸ್ಟಿಕ್ ಸೋಡಾ ಹತ್ತಿರ ತರಬೇಡಿ. ಅಲ್ಯುಮಿನಿಯಂ ಅದರಲ್ಲಿ ಬುಸುಗುಟ್ಟಿ ಕರಗುತ್ತದೆ, ಹೊರಡುವ ಅನಿಲ ಹೈಡ್ರೋಜನ್. ಹುಳಿ ಹಾಕಿ ಬೆಳಗುವ ಆಸೆಯೂ ಬೇಡ. ಹುಣಸೆಹಣ್ಣು ಹಿತ್ತಾಳೆಗೆ, ಕಾಚಂಪುಳಿ ಪಂದಿಕರಿಗೆ.

ಕಾಲ, ಜಾಗ, ಸಾಮಾನು

ಕಾಫಿ ಕೊಯ್ಲು ಮುಗಿದು, ಹೂಮಳೆ ಬಂದು ಹೋಗಿ, ಮುಂಗಾರು ಹಿಡಿಯುವ ಮುಂಚಿನ ಏಪ್ರಿಲ್, ಮೇ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಕಾಫಿ ಒಣಗಿಸುವ ಕಣ ಆಗ ಖಾಲಿ ಇರುತ್ತದೆ, ನೆಲ ಸಮತಟ್ಟು, ಬೆಳಕು ಧಾರಾಳ. ಮಳೆಗಾಲದಲ್ಲಿ ಮಾಡಲೇಬೇಕೆಂದರೆ ಬಿರಡೆ ಬಡಿಯಬಹುದು, ಅಂಟಿನ ಕೆಲಸ ಮಾತ್ರ ಮುಂದಕ್ಕೆ ಹಾಕಿ.

ಬೇಕಾದವು ಇವು: ಡ್ರಿಲ್, ಹರಿತವಾದ ಹೊಸ ಬಿಟ್‌ಗಳು, ತೂತಿನ ಅಂಚನ್ನು ಇಳಿಜಾರು ಮಾಡುವ 90 ಡಿಗ್ರಿಯ ಕೌಂಟರ್‌ಸಿಂಕ್ ಬಿಟ್, 200 ಗ್ರಾಂ ಆಸುಪಾಸಿನ ಗುಂಡುತಲೆಯ ಸುತ್ತಿಗೆ, ಹಿಂದಿನಿಂದ ಒತ್ತಿ ಹಿಡಿಯಲು ಟಿಂಕರಿಂಗ್‌ನವರು ಬಳಸುವ ಡಾಲಿ, ಒಂದು ನಯವಾದ ಚಪ್ಪಟೆ ಅರ, 120ರಿಂದ 800ರವರೆಗಿನ ನೀರುಕಾಗದ (ನೀರು ಹಾಕಿ ಉಜ್ಜಬಹುದಾದ ಮರಳುಕಾಗದ), ಮಾಸ್ಕಿಂಗ್ ಟೇಪ್, ಸೀಮೆಸುಣ್ಣ, ಅಸಿಟೋನ್, ಸ್ಟೇನ್‌ಲೆಸ್ ಸ್ಟೀಲಿನ ತಂತಿ ಬ್ರಷ್, ಕನ್ನಡಕ, ಮಾಸ್ಕ್. ಡಾಲಿ ಇಲ್ಲದಿದ್ದರೆ ಒಂದು ಕೈಹಿಡಿಯಷ್ಟು ಭಾರದ, ಮುಖ ನುಣುಪಾಗಿರುವ ಕಬ್ಬಿಣದ ತುಂಡೂ ಆದೀತು.

ಅರ, ಬ್ರಷ್, ಕಾಗದ ಮೂರೂ ಹೊಸವಿರಲಿ, ಅಲ್ಯುಮಿನಿಯಂಗೆ ಮಾತ್ರ ಮೀಸಲಿರಲಿ. ಕತ್ತಿ ಮಸೆದ ಅರವನ್ನು ಇಲ್ಲಿ ಆಡಿಸಿದರೆ ಉಕ್ಕಿನ ಕಣಗಳು ಮೆತ್ತಗಿನ ಅಲ್ಯುಮಿನಿಯಂನಲ್ಲಿ ಹೂತುಹೋಗುತ್ತವೆ, ಮೊದಲ ಮಳೆಗೆ ಬಿಳಿ ಮೈಮೇಲೆ ಕೆಂಪು ಚುಕ್ಕಿ ಏಳುತ್ತವೆ. ಪಾತ್ರೆ ತಿಕ್ಕುವ ಕಬ್ಬಿಣದ ನಾರೂ ಅದೇ ಕಾರಣಕ್ಕೆ ಬೇಡ. ಉಕ್ಕು ಉಜ್ಜಿದ ಗ್ರೈಂಡರ್‌ನಲ್ಲಿ ಅಲ್ಯುಮಿನಿಯಂ ಉಜ್ಜುವುದಂತೂ ಬರೀ ಕೊಳೆಯ ಪ್ರಶ್ನೆಯಲ್ಲ. ತುಕ್ಕಿನ ಪುಡಿಯೂ ಅಲ್ಯುಮಿನಿಯಂ ಪುಡಿಯೂ ಸೇರಿ ಕಿಡಿ ಬಿದ್ದರೆ ಭಗ್ಗನೆ ಉರಿಯಬಲ್ಲವು. ಪುಡಿಯನ್ನು ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬ್ಯಾಟರಿಯ ತಂತಿ ಬಿಚ್ಚಿಡಿ. ಈ ಗಾಡಿಯ ಗಿಡ್ಡ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಅಡಿಯಲ್ಲೇ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಆ ಸುತ್ತಮುತ್ತ ಡ್ರಿಲ್ ಹಾಕುವುದಿದ್ದರೆ ಬಿಟ್ ಎಷ್ಟು ಆಳ ಇಳಿಯುತ್ತದೆ ಎಂದು ಮೊದಲು ನೋಡಿಕೊಳ್ಳಿ. ಬೆಂಕಿಯ ಕೆಲಸವಿದ್ದರೆ ಟ್ಯಾಂಕನ್ನೇ ಇಳಿಸಿ ದೂರ ಇಡಬೇಕು.

ಸಂತೆಯಲ್ಲಿ ಸಿಕ್ಕ ಉಪಾಯ

ಮೊದಲ ತೂತನ್ನು ನಾನು ಗ್ಯಾಸ್ ಟಾರ್ಚ್ ಹಿಡಿದು ಮುಚ್ಚಲು ಹೋದೆ. ಕಬ್ಬಿಣ ಕೆಂಪಾಗಿ, ಕಿತ್ತಳೆಯಾಗಿ, ಎಚ್ಚರಿಸಿ ಕರಗುತ್ತದೆ. ಅಲ್ಯುಮಿನಿಯಂ ಬಣ್ಣವನ್ನೇ ಬದಲಿಸುವುದಿಲ್ಲ. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮಿಶ್ರಲೋಹ ಇನ್ನೂ ಮುಂಚೆ. ಅದರ ಮೇಲಿನ ಆಕ್ಸೈಡ್ ಪೊರೆಯೋ 2,000 ಡಿಗ್ರಿ ದಾಟಿದರೂ ಜಗ್ಗದು. ಹಾಗಾಗಿ ಒಳಗೆ ನೀರಾಗಿದ್ದರೂ ಹೊರಗೆ ಏನೂ ಆಗದಂತೆ ನಿಂತಿರುತ್ತದೆ. ಇನ್ನೂ ಬಿಸಿಯಾಗಿಲ್ಲವೇನೋ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ತಗಡಿನ ಒಂದು ತುಂಡು ತೊಪ್ಪೆಂದು ಕಾಲ ಬಳಿ ಬಿತ್ತು. 4 ಮಿ.ಮೀ. ತೂತು ಹೆಬ್ಬೆರಳು ತೂರುವಷ್ಟಾಯಿತು.

ಆಮೇಲೊಂದು ದಿನ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಪಾತ್ರೆ ರಿಪೇರಿಯವರೊಬ್ಬರು ಅಲ್ಯುಮಿನಿಯಂ ದಬರಿಯ ತಳದ ತೂತಿಗೆ ಮೆತ್ತನೆಯ ಒಂದು ರಿವಿಟ್ ತೂರಿಸಿ ಎರಡೂ ಕಡೆ ಬಡಿದು ಮುಚ್ಚುವುದನ್ನು ನೋಡುತ್ತ ನಿಂತೆ. ಬೆಂಕಿಯಿಲ್ಲ, ಅಂಟಿಲ್ಲ, ಎರಡು ನಿಮಿಷವೂ ಹಿಡಿಯಲಿಲ್ಲ.

“ನೀರು ಸೋರುವುದಿಲ್ಲವೇ ಯಜಮಾನರೇ?” ಎಂದು ಕೇಳಿದೆ.

“ಸಾರು ಕುದಿಸುವ ಪಾತ್ರೆ ಸ್ವಾಮಿ ಇದು. ಸೋರಿದರೆ ಅಮ್ಮನವರು ನನ್ನನ್ನು ಬಿಡುತ್ತಾರೆಯೇ?” ಎಂದರು, ತಲೆಯೆತ್ತದೆ.

ಗಾಡಿಯ ಮೈಗೂ ಅದೇ ವಿದ್ಯೆ. ಹೆಚ್ಚುವರಿ ಕೆಲಸವೆಂದರೆ ಬಿರಡೆಯನ್ನು ಮೈಮಟ್ಟಕ್ಕೆ ಉಜ್ಜಿ ಕಾಣದಂತೆ ಮಾಡುವುದು.

ಬಿರಡೆ ಬಡಿಯುವ ಕ್ರಮ

ಸುಮಾರು 5 ಮಿ.ಮೀ. ಒಳಗಿನ, ಗಟ್ಟಿ ಅಂಚಿನ ತೂತುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಬಿರಡೆಗೆ ಅಂಗಡಿಯ ಉರುಟುತಲೆಯ ಗಟ್ಟಿ ರಿವಿಟ್ ಆದೀತು. ಅದು ಬಹುಪಾಲು ಶುದ್ಧ ಅಲ್ಯುಮಿನಿಯಂ ಆದ್ದರಿಂದ ಉಜ್ಜಿದ ಮೇಲೆ ಸುತ್ತಲಿನ ತಗಡಿಗಿಂತ ಕೊಂಚ ಬೆಳ್ಳಗೆ ಕಾಣುತ್ತದೆ. ಟೊಳ್ಳಾದ ಪಾಪ್ ರಿವಿಟ್ ಇಲ್ಲಿ ಕೆಲಸಕ್ಕೆ ಬಾರದು. ಬಣ್ಣ ಸರಿಯಾಗಿ ಕೂಡಬೇಕೆಂದರೆ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ 5356 ಎಂಬ ಸಂಖ್ಯೆಯ ಅಲ್ಯುಮಿನಿಯಂ ಕಡ್ಡಿ ಕೇಳಿ. ಅದರಲ್ಲೂ ಮೆಗ್ನೀಸಿಯಂ ಇರುವುದರಿಂದ ಗಾಡಿಯ ತಗಡಿಗೆ ಹತ್ತಿರದ ನೆಂಟ. 3.2, 4 ಮಿ.ಮೀ. ದಪ್ಪದಲ್ಲಿ ಉದ್ದನೆಯ ಕಡ್ಡಿಗಳಾಗಿ ಸಿಗುತ್ತದೆ. ಒಂದು ಕಡ್ಡಿಯಲ್ಲಿ ಊರಿನ ತೂತನ್ನೆಲ್ಲ ಮುಚ್ಚಬಹುದು.

ಈ ಕಡ್ಡಿ ಸ್ವಲ್ಪ ಬಿರುಸು, ಮೆತ್ತಗೆ ಮಾಡಿಕೊಳ್ಳಬೇಕು. ಬಟ್ಟೆ ಸೋಪನ್ನು ಕಡ್ಡಿಯ ತುದಿಯ ಒಂದು ಗೇಣಿಗೆ ಉಜ್ಜಿ. ಗ್ಯಾಸ್ ಒಲೆಯ ಸಣ್ಣ ಉರಿಯ ಮೇಲೆ ಆಡಿಸುತ್ತ ಕಾಯಿಸಿ, ಒಂದೇ ಕಡೆ ನಿಲ್ಲಿಸಬೇಡಿ. ಸೋಪಿನ ಗೆರೆ ಮೊದಲು ಹಳದಿ, ಆಮೇಲೆ ಕಾಫಿ ಬಣ್ಣಕ್ಕೆ ತಿರುಗಿ ಕಪ್ಪಾಗುತ್ತಿದ್ದಂತೆ ತೆಗೆದು ನೀರಿಗೆ ಅದ್ದಿ. ಅಲ್ಯುಮಿನಿಯಂ ಹೇಳದ್ದನ್ನು ಸೋಪು ಹೇಳುತ್ತದೆ. ಈಗ ಕಡ್ಡಿ ಕೈಯಲ್ಲೇ ಸಲೀಸಾಗಿ ಬಾಗಬೇಕು.

ತೂತನ್ನು ಕಡ್ಡಿಯ ಅಳತೆಗೆ ಡ್ರಿಲ್ಲಿನಿಂದ ಉರುಟಾಗಿಸಿ. ಹಳೆಯ ತೂತು 3.5 ಇದ್ದರೆ 4ಕ್ಕೆ ತನ್ನಿ. ಅಂಚಿನಲ್ಲಿ ಬಿಳಿ ಕಿಲುಬಿನ ಒಂದು ಚುಕ್ಕಿಯೂ ಉಳಿಯಬಾರದು. ಬಿರಡೆ ಹೆಬ್ಬೆರಳಿನಿಂದ ಒತ್ತಿದರೆ ಬಿಗಿಯಾಗಿ ಒಳಹೋಗುವಂತಿರಬೇಕು, ತಾನಾಗಿ ಜಾರಿ ಬೀಳುವಂತಿದ್ದರೆ ಅದು ಸಡಿಲ.

ಇನ್ನು ಕೌಂಟರ್‌ಸಿಂಕ್ ಬಿಟ್ಟನ್ನು ಕೈಯಲ್ಲೇ ಹಿಡಿದು ತಿರುಗಿಸಿ ಎರಡೂ ಬದಿಯ ಅಂಚನ್ನು ಇಳಿಜಾರು ಮಾಡಿ. ಡ್ರಿಲ್ಲಿಗೆ ಹಾಕಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಆರಪಾರಾಗುತ್ತದೆ. 1.2 ಮಿ.ಮೀ. ತಗಡಿನಲ್ಲಿ ಒಂದೊಂದು ಬದಿಯಿಂದ 0.4 ಮಿ.ಮೀ.ಗಿಂತ ಆಳ ಬೇಡ. ಅಡ್ಡ ಸೀಳಿ ನೋಡಿದರೆ ತೂತು ನಮ್ಮ ದುಡಿ ವಾದ್ಯದ ಆಕಾರದಲ್ಲಿರಬೇಕು: ಎರಡು ಬಾಯಿ ಅಗಲ, ನಡು ಸಣ್ಣ. ಬಿರಡೆ ಬಡಿಸಿಕೊಂಡು ಎರಡೂ ಬಾಯಿಗಳಲ್ಲಿ ಹಿಗ್ಗಿತೆಂದರೆ ಆ ಸಣ್ಣ ನಡುವೇ ಅದನ್ನು ಹಿಡಿದಿಡುತ್ತದೆ. ಎಷ್ಟು ಕುಲುಕಿದರೂ ಅತ್ತ ಬೀಳದು, ಇತ್ತ ಬೀಳದು.

ತೂತನ್ನೂ ಬಿರಡೆಯನ್ನೂ ಅಸಿಟೋನ್‌ನಿಂದ ಒರೆಸಿ. ಎರಡೂ ಬದಿ ಸುಮಾರು ಒಂದೊಂದು ಮಿ.ಮೀ. ಹೊರಚಾಚುವಂತೆ ಕಡ್ಡಿಯನ್ನು ಕತ್ತರಿಸಿ. ಅಂದರೆ ಈ ತಗಡಿಗೆ 3.2 ಮಿ.ಮೀ. ತುಂಡು. ಹೆಚ್ಚು ಬಿಟ್ಟರೆ ಗಟ್ಟಿ ಎಂದು ಎಣಿಸಬೇಡಿ. ಉದ್ದ ಹೆಚ್ಚಾದರೆ ಹಿಗ್ಗುವ ಬದಲು ಓರೆಯಾಗಿ ಮಲಗುತ್ತದೆ.

ಮುಂದಿನದಕ್ಕೆ ಇಬ್ಬರು ಬೇಕು. ಹಿಂದಿನಿಂದ ಡಾಲಿ ಹಿಡಿಯಲು ನಾನು ಅಣ್ಣನ ಮಗಳನ್ನು ಕೂರಿಸಿದ್ದೆ. ತೂತಿನ ಸುತ್ತ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಸುತ್ತಿಗೆ ತಪ್ಪಿ ತಗಡಿಗೆ ಬಿದ್ದರೆ ಗುರುತಾಗದಿರಲಿ. ಬಿರಡೆ ತೂರಿಸಿ, ಹಿಂದೆ ಡಾಲಿ ಒತ್ತಿ ಹಿಡಿಸಿ, ಸುತ್ತಿಗೆಯ ಗುಂಡುತಲೆಯಿಂದ ಬಿರಡೆಯ ನಡುವಿಗೆ ಹಗುರವಾಗಿ ಕುಟ್ಟಿ. ಏಲಕ್ಕಿ ಕುಟ್ಟುವಷ್ಟು ಬಲ ಸಾಕು. ಐದಾರು ಏಟಿನ ಮೇಲೆ ಜಾಗ ಬದಲಿಸಿ, ಡಾಲಿ ಹೊರಗೆ, ಸುತ್ತಿಗೆ ಒಳಗೆ. ಮತ್ತೆ ಬದಲಿಸಿ. ನಡುವಿನಿಂದ ಅಂಚಿಗೆ ಸುತ್ತಿಕೊಂಡು ಬನ್ನಿ.

ಕಿವಿ ಕೊಟ್ಟಿರಿ. ಶುರುವಿನಲ್ಲಿ ಸದ್ದು ಮೊದ್ದಾಗಿ, ಒದ್ದೆ ಮರಕ್ಕೆ ಹೊಡೆದಂತೆ ಬರುತ್ತದೆ. ಬಿರಡೆ ತುಂಬಿ ತಗಡಿನೊಂದಿಗೆ ಒಂದಾದ ಕೂಡಲೇ ಅದು ಟಣ್ಣನೆ ತಿರುಗುತ್ತದೆ. “ಚಿಕ್ಕಪ್ಪ, ಸದ್ದು ಬದಲಾಯಿತು” ಎಂದು ಮೂರನೆಯ ತೂತಿನ ಹೊತ್ತಿಗೆ ಆ ಹುಡುಗಿಯೇ ನನಗಿಂತ ಮೊದಲು ಹೇಳತೊಡಗಿದಳು. ಆ ಸದ್ದು ಬಂದ ಮೇಲೆ ನಿಲ್ಲಿಸಿ. ಇನ್ನೂ ಬಡಿದರೆ ಹಿಗ್ಗುವುದು ಬಿರಡೆಯಲ್ಲ, ಸುತ್ತಲಿನ ತಗಡು. ಹಿಗ್ಗಿದ ತಗಡು ಉಬ್ಬಿ, ಬೆರಳಿನಿಂದ ಒತ್ತಿದರೆ ಎಣ್ಣೆ ಡಬ್ಬದ ತಳದಂತೆ ಡಬಕ್ ಎನ್ನುತ್ತದೆ. ಅದನ್ನು ಸರಿಮಾಡುವುದು ತೂತು ಮುಚ್ಚುವುದಕ್ಕಿಂತ ದೊಡ್ಡ ಕೆಲಸ.

ಇನ್ನು ಅರ. ಅದರ ಹಲ್ಲುಗಳಿಗೆ ಸೀಮೆಸುಣ್ಣ ತುಂಬ ಉಜ್ಜಿ; ಇಲ್ಲದಿದ್ದರೆ ಅಲ್ಯುಮಿನಿಯಂ ಹಲ್ಲಿನ ಸಂದಿಗೆ ಕಚ್ಚಿಕೊಂಡು ತಗಡಿನ ಮೇಲೆ ಉದ್ದಕ್ಕೆ ಗೀರು ಎಳೆಯುತ್ತದೆ. ಉಬ್ಬಿದ ಬಿರಡೆಯನ್ನಷ್ಟೇ ಅರೆಯಿರಿ, ಅರ ಟೇಪನ್ನು ಸವರಲು ಶುರುವಾದೊಡನೆ ನಿಲ್ಲಿಸಿ ಟೇಪ್ ಕಿತ್ತುಹಾಕಿ. ಉಳಿದ ಕೂದಲೆಳೆಯಷ್ಟನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿದ 240ರ ಕಾಗದದಿಂದ, ಸೋಪುನೀರು ಹಾಕಿಕೊಂಡು ಇಳಿಸಿ. ಬಳಿಕ 400, 600, 800. ಬೆರಳಿನಿಂದ ಒತ್ತಿ ಉಜ್ಜಿದರೆ ಬಿರಡೆಯ ಸುತ್ತ ತಗ್ಗು ಬೀಳುತ್ತದೆ, ಹೊಳಪು ಬಂದ ಮೇಲೆ ಆ ತಗ್ಗಿನಲ್ಲಿ ಮೋಡದ ನೆರಳು ಸೊಟ್ಟಗೆ ಕಾಣುತ್ತದೆ.

ಹತ್ತಿರ ಹೋಗಿ ಹುಡುಕಿದರೆ ಕೂದಲಿನಂಥ ಒಂದು ಉಂಗುರದ ಗೆರೆ ಕಂಡೀತು. ನನಗೆ ಅದು ಬೇಸರವಲ್ಲ. ಒಳಬದಿಗೆ ಪಾಲಿಯುರೆಥೇನ್ ಸೀಲಂಟನ್ನು ಉಗುರು ಗಾತ್ರ ಸವರಿಬಿಟ್ಟರೆ ಸೋರುವ ಭಯವೂ ಉಳಿಯದು. ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಟ್ಟು ಒಳಗೆ ಕೈ ಆಡಿಸಿ ನೋಡಿ.

ಹೆಬ್ಬೆರಳ ಗಾತ್ರದ ತೂತಿಗೆ

ನಾನು ಟಾರ್ಚಿನಿಂದ ಮಾಡಿಕೊಂಡಂಥದ್ದಕ್ಕೆ ಬಿರಡೆ ಸಾಲದು. ಇಲ್ಲಿ ಎರಡು ತುಂಡು ಬೇಕು. ತೂತನ್ನು ಚೊಕ್ಕ ಉರುಟಾಗಿ ಕೊರೆದುಕೊಳ್ಳಿ, ಮೂಲೆಗಳಿರುವ ಆಕಾರ ಬೇಡ. ಗಾಡಿ ಕುಲುಕಿದಾಗ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಈಗಾಗಲೇ ಬಿರುಕಿದ್ದರೆ ಅದರ ತುತ್ತತುದಿಯಲ್ಲಿ 3 ಮಿ.ಮೀ. ತೂತು ಕೊರೆದರೆ ಅಲ್ಲಿಗೆ ನಿಲ್ಲುತ್ತದೆ. ತೂತಿಗೆ ಸರಿಯಾಗಿ ಕೂರುವ ಒಂದು ಬಿಲ್ಲೆಯನ್ನು ಅದೇ ದಪ್ಪದ ತಗಡಿನಲ್ಲಿ ಕತ್ತರಿಸಿ, ಅರದಿಂದ ತಿದ್ದಿ. ತೂತಿಗಿಂತ ಸುತ್ತಲೂ 15 ಮಿ.ಮೀ. ದೊಡ್ಡದಾದ ಇನ್ನೊಂದು ತುಂಡು ಹಿಂಬದಿಗೆ. ಹಳೆಯ ಗಾಡಿಯ ತಗಡು ಸಿಕ್ಕಿದರೆ ಅದೇ ಉತ್ತಮ, ಬಣ್ಣ ಕೂಡುತ್ತದೆ.

ಎರಡನ್ನೂ ಬೆಸೆಯಲು ಎರಡು ಟ್ಯೂಬಿನ ಎಪಾಕ್ಸಿ ಅಂಟು. ಅಲ್ಯುಮಿನಿಯಂ ವಿಷಯದಲ್ಲಿ ಒಂದು ಗುಟ್ಟಿದೆ: ಉಜ್ಜಿದ ಕ್ಷಣದಲ್ಲೇ ಆಕ್ಸೈಡ್ ಪೊರೆ ಮತ್ತೆ ಹುಟ್ಟುತ್ತದೆ. ಆದ್ದರಿಂದ ಮೊದಲು ಒಣಗಿದ್ದಾಗ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ತೆಳುವಾಗಿ ಅಂಟು ಸವರಿ, ಆ ಹಸಿ ಅಂಟಿನ ಮೇಲೆಯೇ 120ರ ಕಾಗದದಿಂದ ಮತ್ತೊಮ್ಮೆ ಉಜ್ಜಿ. ಅಂಟಿನಡಿ ಗಾಳಿ ಸೋಕದೆ ಬರಿಯ ಲೋಹವೇ ಅಂಟಿಗೆ ಸಿಗುತ್ತದೆ. ಆ ಕೊಳಕು ಅಂಟನ್ನು ಒರೆಸಿ ತೆಗೆದ ಕೂಡಲೇ ಹೊಸದನ್ನು ಹಚ್ಚಿ ಕೂರಿಸಿ, ಕ್ಲ್ಯಾಂಪ್ ಹಾಕಿ. ಒಂದು ದಿನ ಮುಟ್ಟಬೇಡಿ. ಚಳಿ ಇದ್ದರೆ ಪಕ್ಕದಲ್ಲೊಂದು ಹಳೆಯ ಕಾಲದ ಬಲ್ಬ್ ಉರಿಯಲಿ, ಬೆಚ್ಚಗಿದ್ದಷ್ಟೂ ಎಪಾಕ್ಸಿ ಗಟ್ಟಿಯಾಗುತ್ತದೆ.

ಭಾರ ಹೊರುವ ಜಾಗವಾದರೆ ಅಂಟಿನ ಜೊತೆ ರಿವಿಟ್ಟೂ ಇರಲಿ. 4 ಮಿ.ಮೀ. ರಿವಿಟ್‌ಗಳನ್ನು 20ರಿಂದ 25 ಮಿ.ಮೀ.ಗೊಂದರಂತೆ, ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗೆ ಹೊಡೆಯಿರಿ. ಆಗ ಹಿಂಬದಿಯ ತುಂಡನ್ನೂ ಅದಕ್ಕೆ ತಕ್ಕಂತೆ ಅಗಲ ಮಾಡಿಕೊಳ್ಳಿ. ಉರುಟುತಲೆಯ ರಿವಿಟ್ ಕಂಡರೆ ಕಾಣಲಿ ಬಿಡಿ. ಈ ಗಾಡಿ ಕಾರ್ಖಾನೆಯಿಂದ ಬಂದದ್ದೇ ರಿವಿಟ್ ಹೊಡೆಸಿಕೊಂಡು. ತೊಟ್ಟಿಯ ತಳದ ಆ ಒಂಬತ್ತು ಸೂಜಿ ತೂತುಗಳನ್ನು ನಾನು ಒಟ್ಟಿಗೇ ಕತ್ತರಿಸಿ ತೆಗೆದು, ಮೂಲೆ ಉರುಟಾದ ಒಂದು ತೇಪೆ ಹಾಕಿ ಹದಿನಾಲ್ಕು ರಿವಿಟ್ ಬಡಿದೆ. ನೋಡಿದವರು ಅದು ಮೂಲದ್ದೇ ಎಂದುಕೊಳ್ಳುತ್ತಾರೆ.

ಬೆಂಕಿ ಬೇಕೇ ಬೇಕೆಂದರೆ

ತೂತು ಬಾನೆಟ್ಟಿನ ನಟ್ಟನಡುವೆ ಇದ್ದು, ಉಂಗುರದ ಗೆರೆಯೂ ಬೇಡವೆಂಬ ಹಟವಿದ್ದರೆ ಆರ್ಗಾನ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವ ಟಿಗ್ ವೆಲ್ಡಿಂಗ್ ಒಂದೇ ದಾರಿ. ಗೇಟು, ಗ್ರಿಲ್ ಮಾಡುವ ಹೆಚ್ಚಿನ ಕಡೆ ಇರುವ ಟಿಗ್ ಯಂತ್ರ ಡಿ.ಸಿ. ಮಾತ್ರ, ಅದರಲ್ಲಿ ಅಲ್ಯುಮಿನಿಯಂ ಬೆಸೆಯಲಾಗದು. “ಎ.ಸಿ. ಇದೆಯೇ, ಶುದ್ಧ ಆರ್ಗಾನ್ ಇದೆಯೇ” ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ. ಎ.ಸಿ.ಯಲ್ಲಿ ವಿದ್ಯುತ್ತಿನ ದಿಕ್ಕು ಹೊರಳುತ್ತಲೇ ಇರುತ್ತದೆ, ಅದರಲ್ಲಿ ಒಂದು ದಿಕ್ಕಿಗೆ ಹರಿಯುವಾಗ ಆಕ್ಸೈಡ್ ಪೊರೆ ಒಡೆಯುತ್ತದೆ. 1.2 ಮಿ.ಮೀ. ತಗಡಿಗೆ 45ರಿಂದ 50 ಆಂಪಿಯರ್ ಸಾಕು, ಕಡ್ಡಿ 5356. ಹಿಂಬದಿಗೆ ದಪ್ಪನೆಯ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಕಾವನ್ನು ಹೀರಿಕೊಂಡು, ಕರಗಿದ ಲೋಹ ಸೋರದಂತೆ ತಡೆಯುತ್ತದೆ. ಅಲ್ಯುಮಿನಿಯಂ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಬೆಸುಗೆ ತಣಿಯುವಾಗ ತಗಡನ್ನು ಒಳಕ್ಕೆ ಎಳೆಯುತ್ತದೆ. ತಣಿದ ಮೇಲೆ ಡಾಲಿ ಕೊಟ್ಟು ಬೆಸುಗೆಯ ಮೇಲೆಯೇ ಹಗುರವಾಗಿ ಬಡಿದರೆ ಹಿಗ್ಗಿ ಸಮನಾಗುತ್ತದೆ. ಬಿಚ್ಚಿ ಒಯ್ಯಬಹುದಾದ ಬಾನೆಟ್ಟು, ಬಾಗಿಲುಗಳಿಗೆ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಸುಮಾರು 400 ಡಿಗ್ರಿಗೇ ಕರಗುವ, ಸತು ಬೆರೆತ ಕಡ್ಡಿಗಳ ವಿಡಿಯೋ ನೋಡಿ ಮರುಳಾಗಬೇಡಿ. ದಪ್ಪನೆಯ ಎರಕದ ಭಾಗಗಳಿಗೆ ಅವು ಸರಿ. ತೆಳು ತಗಡು ಅಷ್ಟು ಕಾವಿಗೇ ಸೊಟ್ಟಗಾಗುತ್ತದೆ, ತುಂಬಿದ ಜಾಗ ಕೆಲವೇ ತಿಂಗಳಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಮೇಲಾಗಿ ಸತು ಸೇರಿದ ಜಾಗಕ್ಕೆ ಆಮೇಲೆ ಟಿಗ್ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ. ಬಿರಡೆ ಕೆಟ್ಟರೆ ಡ್ರಿಲ್ಲಿನಿಂದ ತೆಗೆದು ಹೊಸದು ಹಾಕಬಹುದು, ಬೇಕೆಂದರೆ ಬೆಸೆಯಲೂಬಹುದು. ಅಲ್ಯುಮಿನಿಯಂ ಪುಡಿ ಬೆರೆತ ಎಪಾಕ್ಸಿ ಪುಟ್ಟಿಗೆ ಕಣ್ಣಿಗೆ ಬೀಳದ ಒಳಭಾಗವೇ ಜಾಗ.

ಮಳೆಗೆ ಮುಂಚೆ

ಕನ್ನಡಿಯಂಥ ಹೊಳಪು ತೋಟದ ಗಾಡಿಗೆ ಸಲ್ಲದು, ಮೊದಲ ಕಾಫಿ ರೆಂಬೆ ಉಜ್ಜಿದ ದಿನವೇ ಅದರ ಕತೆ ಮುಗಿಯುತ್ತದೆ. ನಾನು ಇಡೀ ಫಲಕವನ್ನು ಪಾತ್ರೆ ತಿಕ್ಕುವ ಹಸಿರು ನಾರಿನಿಂದ, ಸೋಪುನೀರಿನಲ್ಲಿ, ಒಂದೇ ದಿಕ್ಕಿಗೆ ಉದ್ದುದ್ದ ಎಳೆಯುತ್ತೇನೆ. ಬಿರಡೆ, ತಗಡು ಎರಡರ ಮೇಲೂ ಒಂದೇ ಗೀರು ಹಾದುಹೋದರೆ ಕಣ್ಣು ಉಂಗುರವನ್ನು ಹುಡುಕುವುದನ್ನೇ ಬಿಡುತ್ತದೆ. ಕ್ಲಿಯರ್ ಲ್ಯಾಕರ್ ಬಳಿಯುವವರಿದ್ದಾರೆ. ಒಂದು ಗೀರಿನಿಂದ ನೀರು ಒಳಹೊಕ್ಕರೆ ಅದರಡಿ ಹುಳು ಹರಿದಂತೆ ಕಿಲುಬು ಹಬ್ಬುತ್ತದೆ, ಆಮೇಲೆ ಪೂರ್ತಿ ಕಿತ್ತು ಮೊದಲಿನಿಂದ ಶುರು. ಕಾರಿನ ಮೇಣವೇ ವಾಸಿ. ಮೇ ಕೊನೆಗೊಮ್ಮೆ, ಜಡಿಮಳೆಯ ಕಕ್ಕಡ ತಿಂಗಳ ನಡುವೆ ಬಿಸಿಲು ಕಂಡ ದಿನವೊಮ್ಮೆ, ಕೊಡಗಿನ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿ ಒರೆಸುವಾಗ ಇನ್ನೊಮ್ಮೆ ಹಚ್ಚಿದರೆ ವರ್ಷ ತಳ್ಳುತ್ತದೆ.

ಹೊಸದಾಗಿ ಏನನ್ನಾದರೂ ಕೂರಿಸುವುದಿದ್ದರೆ ಹಿತ್ತಾಳೆಯ ಸ್ಕ್ರೂ ಖಂಡಿತ ಬೇಡ, ಅದರಲ್ಲಿರುವುದು ಅದೇ ತಾಮ್ರ. ಸ್ಟೇನ್‌ಲೆಸ್ ಸ್ಕ್ರೂ, ಅದರಡಿ ನೈಲಾನ್ ವಾಷರ್, ಎಳೆಗಳಿಗೆ ಗ್ರೀಸ್ ಹಾಕಿ. ಬೋರ್ಡೋ ಡ್ರಮ್ಮಿನಡಿ ದಪ್ಪ ರಬ್ಬರ್ ಹಾಸಿ, ಕೆಲಸ ಮುಗಿದ ಸಂಜೆಯೇ ಹಾಸು ಎತ್ತಿ ತೊಳೆಯಿರಿ. ಒದ್ದೆ ಹಾಸು ಅಲ್ಲೇ ಬಿದ್ದಿದ್ದರೆ ಹಾಸದೆ ಇದ್ದದ್ದೇ ಮೇಲು.

ನನ್ನ 23ರಲ್ಲಿ ನಾನು ಮುಚ್ಚಿದ್ದು 21. ಉಳಿದೆರಡು ಬಾಗಿಲಿನ ತಳದಂಚಿನಲ್ಲಿದ್ದವು. ಅವಕ್ಕೂ ಕಡ್ಡಿ ಕತ್ತರಿಸಿಟ್ಟುಕೊಂಡು, ಡ್ರಿಲ್ ಹಿಡಿದು ಗಾಡಿಯ ಪಕ್ಕ ನೆಲಕ್ಕೆ ಮಲಗಿದ ಮೇಲೆ, ಒಳಗೆ ಬಿದ್ದ ಮಳೆನೀರು ಹೊರಹೋಗಲೆಂದು ಕಾರ್ಖಾನೆಯವರೇ ಬಿಟ್ಟ ದಾರಿ ಅವೆಂದು ಹೊಳೆಯಿತು. ನೀವೂ ತಳದಲ್ಲಿರುವ ತೂತಿಗೆ ಕೈಹಾಕುವ ಮುಂಚೆ ಮೇಲಿನಿಂದ ಒಂದು ಚೊಂಬು ನೀರು ಸುರಿದು ನೋಡಿ. ನೀರು ಅಲ್ಲಿಂದಲೇ ಇಳಿದರೆ ತಂತಿ ಆಡಿಸಿ ಮಣ್ಣು ತೆಗೆದು, ಹಾಗೆಯೇ ಬಿಟ್ಟುಬಿಡಿ.